ತಮ್ಮನ ಪಾಲಿನ ಆಕಾಶ

ಸುಳ್ಳು ಹಿಡಿಯುವುದು ನನ್ನ ಕಸುಬಲ್ಲ, ಕಸುಬಿನ ಜೊತೆಗೆ ಬಂದ ಬಳುವಳಿ. ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಜನ ಬೇರೆಲ್ಲಿ ನಿಜ ಹೇಳುತ್ತಾರೋ ನನಗೆ ಗೊತ್ತಿಲ್ಲ, ಅಕ್ಷರದ ಬೋರ್ಡಿನ ಮುಂದೆ ಕೂತಾಗ ಮಾತ್ರ ಧಾರಾಳವಾಗಿ ಸುಳ್ಳು ಹೇಳುತ್ತಾರೆ. ವಯಸ್ಸಾದವರು ಕಾಣದಿದ್ದರೂ ಕಾಣುತ್ತದೆ ಅನ್ನುತ್ತಾರೆ. ಮಕ್ಕಳು ಕಾಣುತ್ತಿದ್ದರೂ ಕಾಣುವುದಿಲ್ಲ ಅನ್ನುತ್ತಾರೆ, ಯಾಕೆಂದರೆ ಪಕ್ಕದ ಬೆಂಚಿನ ಹುಡುಗಿಗೆ ಕೆಂಪು ಫ್ರೇಮಿನ ಕನ್ನಡಕ ಬಂದಿರುತ್ತದೆ. ಇನ್ನು ಕೆಲವರು ಹೊರಗೆ ಕಾಯುತ್ತಾ ಕೂತಾಗಲೇ ಒಳಗಿನವರು ಓದುವುದನ್ನು ಕೇಳಿಸಿಕೊಂಡು ಇಡೀ ಬೋರ್ಡನ್ನು ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ. ಅಂಥವರಿಗೆ ನನ್ನ ಹತ್ತಿರ ಒಂದು ಮದ್ದಿದೆ. ಕೊನೆಯ ಸಾಲಿನ ಕೆಳಗೆ, ಏನೂ ಬರೆಯದ ಬಿಳಿ ಜಾಗಕ್ಕೆ ಕಡ್ಡಿ ಇಟ್ಟು, "ಇದನ್ನ ಓದಿ" ಅನ್ನುತ್ತೇನೆ. ಕಾಣುವವರು "ಅಲ್ಲೇನಿದೆ?" ಎಂದು ನನ್ನನ್ನೇ ಕೇಳುತ್ತಾರೆ. ಕಾಣದವರು ಒಂದು ಅಕ್ಷರ ಹೇಳುತ್ತಾರೆ.

ಅಂಗಡಿಯ ಯಜಮಾನರು ಬಂದವರ ಮುಂದೆಲ್ಲ, "ನಮ್ಮ ಮೇಡಂ ಕಣ್ಣಿಗೆ ಮಣ್ಣೆರಚೋಕೆ ಆಗಲ್ಲ" ಎಂದು ಹೊಗಳುತ್ತಾರೆ. ಸಂಬಳ ಕೇಳಿದಾಗ ಆ ಹೊಗಳಿಕೆ ನೆನಪಿರುವುದಿಲ್ಲ, ಅದು ಬೇರೆ ಮಾತು.

ನಾನು ಒಬ್ಬಳೇ ಇರುವವಳು. ಮದುವೆಯಾಗಿತ್ತು. ಅದು ಕೆಲವು ವರ್ಷ ಕುಂಟುತ್ತಾ ನಡೆದು ಒಂದು ದಿನ ನಿಂತುಹೋಯಿತು. ಜಗಳವೂ ಆಗಲಿಲ್ಲ, ಜಗಳವಾಡುವಷ್ಟು ಸಲಿಗೆ ನಮ್ಮಲ್ಲಿ ಬೆಳೆದಿರಲೇ ಇಲ್ಲ. ಈಗ ಊರಂಚಿನ ಬೀದಿಯಲ್ಲಿ, ಮೇಲಿನ ಮಹಡಿಯಲ್ಲಿ, ಎರಡು ಕೋಣೆ. ಒಬ್ಬಳಿಗೆ ಅಡುಗೆ ಮಾಡಿಕೊಳ್ಳುವುದು ಕಷ್ಟವಲ್ಲ, ಒಬ್ಬಳೇ ಬಡಿಸಿಕೊಂಡು ಕೂರುವುದು ಕಷ್ಟ. ಹಾಗಾಗಿ ಒಲೆಯ ಪಕ್ಕ ನಿಂತೇ ಊಟ ಮುಗಿಸುತ್ತೇನೆ. ರಜೆಯ ದಿನ ಸಂಜೆ ಯಾರೋ ಬಾಗಿಲು ತಟ್ಟಿ ವಿಳಾಸ ಕೇಳಿದರೆ ನನ್ನ ಗಂಟಲು ಕಟ್ಟಿರುತ್ತದೆ. ಬೆಳಿಗ್ಗೆಯಿಂದ ಒಂದು ಮಾತೂ ಆಡಿಲ್ಲ ಎಂದು ಆಗ ಗೊತ್ತಾಗುತ್ತದೆ. ಒಂಟಿತನ ನನಗೆ ಹಲ್ಲುನೋವಿದ್ದ ಹಾಗೆ. ಹಗಲು ಕೆಲಸದಲ್ಲಿ ಮರೆತಿರುತ್ತದೆ, ರಾತ್ರಿ ದೀಪ ಆರಿಸಿದ ಮೇಲೆ ಶುರುವಾಗುತ್ತದೆ.

ವರ್ಷದಲ್ಲಿ ಒಂದು ರಾತ್ರಿ ಮಾತ್ರ ಅದು ನನ್ನ ತಂಟೆಗೆ ಬರುವುದಿಲ್ಲ. ಡಿಸೆಂಬರ್ ನಡುವಿನ ಆ ರಾತ್ರಿ ನನ್ನ ತಮ್ಮ ಬರುತ್ತಾನೆ, ನಾವಿಬ್ಬರೂ ತಾರಸಿಯ ಮೇಲೆ ಮಲಗಿ ಉಲ್ಕೆ ಬೀಳುವುದನ್ನು ನೋಡುತ್ತೇವೆ.

ಇದು ಶುರುವಾದದ್ದು ಶಾಲೆಯಲ್ಲಿದ್ದಾಗ. ವಿಜ್ಞಾನದ ಮೇಷ್ಟ್ರು, ಈ ತಿಂಗಳು ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳು ಮಳೆಯ ಹಾಗೆ ಸುರಿಯುತ್ತವೆ ಎಂದಿದ್ದರು. ಮಳೆಯ ಹಾಗೆ ಅಂದರಲ್ಲ, ತಮ್ಮ ಮೊದಲ ವರ್ಷ ಕೊಡೆ ಹಿಡಿದುಕೊಂಡು ತಾರಸಿಗೆ ಬಂದಿದ್ದ. ಆ ರಾತ್ರಿಯೇ ನಾವು ಪಾಲು ಮಾಡಿಕೊಂಡೆವು. ಒಡಹುಟ್ಟಿದವರು ಮನೆ ಪಾಲು ಮಾಡಿಕೊಳ್ಳುತ್ತಾರೆ, ನಾವು ಆಕಾಶವನ್ನೇ ಪಾಲು ಮಾಡಿಕೊಂಡವರು. ಅಕ್ಕ ಎಂದ ಮೇಲೆ ಮೊದಲ ಆಯ್ಕೆ ನನ್ನದು, ಮೂಡಣ ತೆಗೆದುಕೊಂಡೆ. ಪಡುವಣ ಅವನಿಗೆ. ನೆತ್ತಿಯ ಮೇಲಿನದು ಇಬ್ಬರಿಗೂ ಸೇರಿದ್ದು. ತಲೆಗೆ ತಲೆ ಹಚ್ಚಿ, ಕಾಲು ಮಾತ್ರ ಆಚೆಗೊಬ್ಬರದು ಈಚೆಗೊಬ್ಬರದು ಚಾಚಿಕೊಂಡು ಮಲಗಿದರೆ, ಅವರವರ ಪಾಲು ಅವರವರ ಕಣ್ಣ ಮುಂದೆ.

ನಮ್ಮದೊಂದು ಕಟ್ಟುನಿಟ್ಟು ಇತ್ತು. ಉಲ್ಕೆ ಕಂಡಾಗ "ಅಲ್ಲಿ ನೋಡು" ಅನ್ನಬಾರದು. ಅಲ್ಲಿ ನೋಡು ಎಂದಾಗ ತಿರುಗಿ ನೋಡಿ ಉಲ್ಕೆ ಕಂಡವರು ಈ ಭೂಮಿಯ ಮೇಲೆ ಯಾರೂ ಇಲ್ಲ. ತಿರುಗುವಷ್ಟರಲ್ಲಿ ಅದೂ ಹೋಗಿರುತ್ತದೆ, ನಿನ್ನ ಪಾಲಿನದೂ ತಪ್ಪಿರುತ್ತದೆ. ಆದ್ದರಿಂದ ನೋಡಿದವರು "ಬಿತ್ತು" ಎಂದು ಬಣ್ಣ, ಉದ್ದ, ಬಾಲ ಇದ್ದರೆ ಬಾಲ, ಎಲ್ಲ ಬಿಡಿಸಿ ಹೇಳಬೇಕು. ಇನ್ನೊಬ್ಬರು ತಿರುಗದೆ ಕೇಳಿಸಿಕೊಳ್ಳಬೇಕು. ಹೀಗೆ ನನ್ನ ಕಣ್ಣಿನದು ಅವನಿಗೂ ಅವನ ಕಣ್ಣಿನದು ನನಗೂ ಸೇರುತ್ತಿತ್ತು, ಇಡೀ ಆಕಾಶ ಇಬ್ಬರದೂ ಆಗುತ್ತಿತ್ತು.

ತಮ್ಮ ರಾತ್ರಿ ಬಸ್ಸಿನ ಡ್ರೈವರ್. ಊರಿಂದೂರಿಗೆ ಹೋಗುವ ದೊಡ್ಡ ಬಸ್ಸು. ಹಗಲಿನ ಪಾಳಿ ಕೊಟ್ಟರೂ ಬೇಡ ಅನ್ನುತ್ತಿದ್ದವನು, ಡಿಪೋದಲ್ಲಿ ಅವನನ್ನು ಗೂಬೆ ಎಂದೇ ಕರೆಯುತ್ತಿದ್ದರು. ಊರಿನ ಆ ತುದಿಯಲ್ಲಿ ಹೆಂಡತಿ, ಮಗಳ ಜೊತೆ ಇದ್ದಾನೆ. ತಿಂಗಳಿಗೊಮ್ಮೆ ಫೋನು, ಯಾವಾಗಲಾದರೂ ಒಮ್ಮೆ ಹೋಗಿ ಬರುವುದು, ಅಷ್ಟೇ ಆದರೂ ಡಿಸೆಂಬರಿನ ಈ ರಾತ್ರಿ ಮಾತ್ರ ರಜೆ ಹಾಕಿ ನನ್ನ ಮನೆಗೆ ಬರುವುದನ್ನು ಅವನು ಯಾವತ್ತೂ ತಪ್ಪಿಸಲಿಲ್ಲ.

ಈ ಸಲ ಅವನ ಹೆಂಡತಿ ಸ್ಕೂಟರಿನಲ್ಲಿ ಕರೆತಂದು ಗೇಟಿನ ಹತ್ತಿರ ಬಿಟ್ಟಳು. ಕತ್ತಲಾಗಿತ್ತು. ಒಳಗೆ ಬಾ ಅಂದರೆ ಬರಲಿಲ್ಲ, ಮಗಳು ಒಬ್ಬಳೇ ಇದ್ದಾಳೆ ಎಂದಳು.

"ಅತ್ತಿಗೆ, ಇವರಿಗೆ ಮಂಡಿ ನೋವು. ಮೆಟ್ಟಿಲು ಹತ್ತುವಾಗ ಸ್ವಲ್ಪ ಕೈ ಕೊಡಿ."

"ಕ್ಲಚ್ ತುಳಿದೂ ತುಳಿದೂ ಮಂಡಿ ಸವೆದಿರತ್ತೆ," ಎಂದೆ ನಾನು. "ಈ ವಯಸ್ಸಿಗೇ ಹೀಗಾದ್ರೆ ಮುಂದೆ ಇವನನ್ನ ಹೊತ್ಕೊಂಡು ಹೋಗ್ಬೇಕು."

ಅವಳು ನಗಲಿಲ್ಲ. ಅವಳಿಗೆ ನನ್ನ ತಮಾಷೆ ಯಾವಾಗಲೂ ಸ್ವಲ್ಪ ತಡವಾಗಿ ಅರ್ಥವಾಗುತ್ತದೆ ಎಂದುಕೊಂಡೆ.

ಊಟವಾಯಿತು. ಬಹಳ ದಿನದ ಮೇಲೆ ಎರಡು ತಟ್ಟೆ ಇಟ್ಟು, ಕೂತು ಉಂಡೆ. ಆಮೇಲೆ ಕಂಬಳಿ, ದಿಂಬು, ಫ್ಲಾಸ್ಕಿನಲ್ಲಿ ಟೀ ತೆಗೆದುಕೊಂಡು ತಾರಸಿಗೆ ಹೊರಟೆವು. ತಾರಸಿಯ ಮೆಟ್ಟಿಲಿಗೆ ದೀಪವಿಲ್ಲ. ಮನೆ ಮಾಲೀಕರು ಹಾಕಿಸುತ್ತೇನೆ ಎಂದು ನಾನು ಬಾಡಿಗೆಗೆ ಬಂದ ದಿನದಿಂದಲೂ ಹೇಳುತ್ತಿದ್ದಾರೆ. ಫೋನಿನ ಬೆಳಕನ್ನು ನಾನು ಬಿಡುವುದಿಲ್ಲ. ಕಣ್ಣು ಕತ್ತಲಿಗೆ ಒಗ್ಗಬೇಕಾದರೆ ಅರ್ಧ ಗಂಟೆ ಬೇಕು, ಒಂದು ಸಲ ಬೆಳಕು ಬಿದ್ದರೆ ಮತ್ತೆ ಮೊದಲಿನಿಂದ. ಅದಕ್ಕೇ ಫೋನುಗಳನ್ನು ಕೆಳಗೇ ಇಟ್ಟು ಬರುವುದು. ತಮ್ಮ ಗೋಡೆಗೆ ಅಂಗೈ ಒತ್ತಿ ಒಂದೊಂದೇ ಮೆಟ್ಟಿಲು ಹತ್ತಿದ. ಮೇಲೆ ಬಂದವನು ಬಟ್ಟೆ ಒಗೆಯುವ ಬಕೆಟ್ಟನ್ನು ಒದ್ದ. ಅದು ಇಡೀ ಬೀದಿಗೆ ಕೇಳುವಂತೆ ಉರುಳಿತು.

"ಬಂದ ಕೂಡಲೇ ಡೋಲು ಬಾರಿಸ್ಬೇಡ," ಎಂದೆ.

"ನಿನ್ನ ಮನೇಲಿ ಬಕೆಟ್ಟು ದಾರಿ ನಡುವೆ ನಿಂತಿರತ್ತೆ ಅಂತ ನಂಗೇನು ಗೊತ್ತು?" ಎಂದ.

ಆಕಾಶ ತೊಳೆದಿಟ್ಟ ಹಾಗಿತ್ತು. ಚಂದ್ರ ಇರಲಿಲ್ಲ. ನಮ್ಮ ಬೀದಿಯ ಆಚೆ ಮನೆಗಳಿಲ್ಲ, ಬಯಲು, ಅದರಾಚೆ ಎಲ್ಲೋ ಒಂದು ಕಾರ್ಖಾನೆಯ ದೀಪ. ಪಡುವಣ ಕಡೆ ಪಕ್ಕದ ಕಟ್ಟಡದ ನೀರಿನ ಟ್ಯಾಂಕು, ಬಟ್ಟೆ ಒಣಗಿಸುವ ತಂತಿ. ಚಳಿ ಕಿವಿಯನ್ನು ಕಚ್ಚುತ್ತಿತ್ತು. ಕಂಬಳಿ ಹಾಸಿ ತಲೆಗೆ ತಲೆ ಹಚ್ಚಿ ಮಲಗಿದೆವು. ಅವನ ಉಣ್ಣೆಯ ಟೋಪಿ ನನ್ನ ನೆತ್ತಿಗೆ ತಾಗುತ್ತಿತ್ತು. ಆ ತಾಗುವಿಕೆಗಾಗಿ ನಾನು ಉಳಿದ ದಿನಗಳನ್ನು ತಳ್ಳುತ್ತೇನೆ ಎಂದರೆ ಉತ್ಪ್ರೇಕ್ಷೆಯಲ್ಲ.

ಮೊದಲನೆಯದು ನನಗೆ ಕಂಡಿತು. "ಬಿತ್ತು. ಚಿಕ್ಕದು, ಬಿಳಿ, ಗೀರಿದ ಹಾಗೆ."

"ಹೂಂ," ಎಂದ ಅವನು. ಸ್ವಲ್ಪ ಹೊತ್ತಿಗೆ, "ಬಿತ್ತು. ಇಲ್ಲೊಂದು. ಹಸಿರು. ಉದ್ದ ಬಾಲ."

"ನಿನಗೇ ಯಾವಾಗ್ಲೂ ಹಸಿರು ಬೀಳತ್ತೆ."

"ಪುಣ್ಯ ಮಾಡಿದ್ದೀನಿ."

ಹೀಗೆ ನಡೆಯಿತು. ನಡುನಡುವೆ ಮಾತು. ಮಗಳು ಚೆನ್ನಾಗಿ ಓದುತ್ತಾಳಂತೆ, ಆದರೆ ಅಮ್ಮನ ಮೇಲೆ ಎಗರಾಡುತ್ತಾಳಂತೆ. ಅದು ಅತ್ತೆಯಿಂದ ಬಂದ ಗುಣ ಎಂದ. ಅತ್ತೆ ಅಂದರೆ ನಾನು. ಬಸ್ಸಿನ ಸುದ್ದಿ ಹೇಳು ಎಂದೆ, ನನಗೆ ಅವನ ಬಸ್ಸಿನ ಸುದ್ದಿ ಎಂದರೆ ಇಷ್ಟ. ಒಬ್ಬ ಅಜ್ಜ ತನ್ನ ಊರು ದಾಟಿಹೋದರೂ ಎಚ್ಚರವಾಗದೆ ಕೊನೆಯ ನಿಲ್ದಾಣದ ತನಕ ಮಲಗಿ, ಇಳಿದು, ನನ್ನ ಊರನ್ನೇ ಯಾರೋ ಬದಲಾಯಿಸಿಬಿಟ್ಟಿದ್ದಾರೆ ಎಂದು ಇವನ ಜೊತೆ ಜಗಳಕ್ಕೆ ನಿಂತ ಕತೆ ಹೇಳಿದ.

"ಇದನ್ನ ಹೋದ ವರ್ಷಾನೇ ಹೇಳಿದ್ಯಲ್ಲೋ."

"ಹೌದಾ? ಹೊಸಬ್ರು ಯಾರೂ ಹಾಗೆ ಜಗಳ ಆಡ್ತಿಲ್ಲ ಅಕ್ಕ," ಎಂದ.

ನಾನು ನಕ್ಕೆ. ಟೀ ಬಗ್ಗಿಸಲು ಎದ್ದು ಕೂತೆ. ಫ್ಲಾಸ್ಕು ಅವನ ಕಡೆ ಇದ್ದುದರಿಂದ ನಾನು ಪಡುವಣಕ್ಕೆ ಮುಖ ಮಾಡಿ ಕೂತಿದ್ದೆ, ನೀರಿನ ಟ್ಯಾಂಕು ನೇರ ನನ್ನ ಎದುರಿಗೆ.

"ಬಿತ್ತು," ಎಂದ ತಮ್ಮ. "ಟ್ಯಾಂಕಿನ ಮೇಲೆ. ದಪ್ಪದ್ದು."

ಟ್ಯಾಂಕಿನ ಮೇಲೆ ಏನೂ ಬಿದ್ದಿರಲಿಲ್ಲ. ನಾನು ರೆಪ್ಪೆ ಹೊಡೆದಿರಬೇಕು ಎಂದುಕೊಂಡೆ. ರೆಪ್ಪೆ ಹೊಡೆಯುವಷ್ಟರಲ್ಲಿ ಹೋಗುವಂಥದ್ದು ದಪ್ಪದ್ದಾಗಿರುವುದಿಲ್ಲ ಎಂಬುದೂ ಹಿಂದೆಯೇ ಹೊಳೆಯಿತು. ಟೀ ಲೋಟ ಹಿಡಿದುಕೊಂಡು ಹಾಗೇ ನೋಡುತ್ತಾ ಕೂತೆ. ಆಗ ನಿಜವಾಗಿಯೂ ಒಂದು ಬಿತ್ತು. ಅದು ಅವಸರವಿಲ್ಲದ ಉಲ್ಕೆ, ಹಳದಿ, ತಂತಿಯ ಮೇಲಿಂದ ಟ್ಯಾಂಕಿನ ತನಕ ಎಳೆದ ಹಾಗೆ ಬಂದು, ಕೊನೆಯಲ್ಲಿ ಒಡೆದು ಎರಡಾಯಿತು. ಟ್ಯಾಂಕಿನ ಅಂಚು ಕ್ಷಣಹೊತ್ತು ಬೆಳಗಿತು. ತಮ್ಮ ಅದೇ ಕಡೆ ಕಣ್ಣು ತೆರೆದುಕೊಂಡು ಮಲಗಿದ್ದ. ಮಗಳಿಗೆ ಗಣಿತದ ಟೀಚರು ಇಷ್ಟವಿಲ್ಲವಂತೆ ಎಂದು ಹೇಳುತ್ತಿದ್ದವನು ಹೇಳುತ್ತಲೇ ಇದ್ದ.

ಕೈಯಲ್ಲಿದ್ದ ಟೀಯನ್ನು ಕುಡಿಯದೆ ಕೆಳಗಿಟ್ಟೆ.

ಮತ್ತೆ ಮಲಗಿದೆ. ಮಂಡಿ ನೋವು, ಗೋಡೆಗೆ ಒತ್ತಿದ ಅಂಗೈ, ಬಕೆಟ್ಟು. ದೀಪದ ಕೆಳಗೆ ಕತ್ತಲೆ ಅನ್ನುತ್ತಾರಲ್ಲ, ಊರವರ ಕಣ್ಣನ್ನೆಲ್ಲ ನೋಡುವವಳ ಸ್ವಂತ ತಮ್ಮ. ಅವನು ಅಂಗಡಿಗೆ ಬಂದು ಬೋರ್ಡಿನ ಕೊನೆಯ ಸಾಲನ್ನೂ ಗಿಳಿಯ ಹಾಗೆ ಓದಿದ್ದುಂಟು. ಆದರೆ ಬೋರ್ಡಿಗೆ ದೀಪ ಇರುತ್ತದೆ. ಕತ್ತಲಲ್ಲಿ ಕಾಣುತ್ತದೋ ಇಲ್ಲವೋ ಎಂದು ನೋಡುವ ಬೋರ್ಡು ನನ್ನ ಹತ್ತಿರ ಇಲ್ಲ.

ಆಮೇಲೆ ಬಸ್ಸು ನೆನಪಾಯಿತು. ನಾಳೆ ರಾತ್ರಿ ಇವನು ಸ್ಟೇರಿಂಗ್ ಹಿಡಿಯುತ್ತಾನೆ. ಹಿಂದೆ ಬಸ್ಸು ತುಂಬ ಜನ ಕಂಬಳಿ ಹೊದ್ದು, ಬಾಯಿ ಬಿಟ್ಟುಕೊಂಡು, ಇವನನ್ನು ನಂಬಿ ನಿದ್ದೆ ಮಾಡುತ್ತಾರೆ. ನಾನು ಕೇಳಬೇಕು. ಕೇಳಿದರೆ ಇಲ್ಲ ಅನ್ನುತ್ತಾನೆ, ಅನ್ನದೆ ಇರುತ್ತಾನೆಯೇ, ಅನ್ನ ಹಾಕುವ ಕೆಲಸ. ಅವನು ಇಲ್ಲ ಎಂದರೆ ನಾನು ಡಿಪೋಗೆ ಹೋಗಿ ಹೇಳಬೇಕು. ಅಕ್ಕ ನನ್ನ ಕೆಲಸ ಕಿತ್ತಳು ಎಂದ ಮೇಲೆ ಯಾವ ತಮ್ಮ ಮತ್ತೆ ಅವಳ ತಾರಸಿ ಹತ್ತುತ್ತಾನೆ? ನನಗೆ ಇರುವುದು ಇದೊಂದೇ ರಾತ್ರಿ. ಇದೂ ಹೋದರೆ ವರ್ಷವಿಡೀ ಒಂದೇ ಥರ. ಸುಮ್ಮನಿದ್ದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನನ್ನ ಮೇಲೇ ಹೇಸಿಗೆಯಾಯಿತು.

ಇಬ್ಬರಿಗೂ ಸೇರಿದ ನೆತ್ತಿಯ ಆಕಾಶದಲ್ಲಿ ನಕ್ಷತ್ರಗಳು ಅಲುಗದೆ ನಿಂತಿದ್ದವು. ಅಲ್ಲಿ ಏನೂ ಬೀಳುತ್ತಿರಲಿಲ್ಲ. ನಾನು ಅಲ್ಲಿಗೇ ಕಡ್ಡಿ ಇಟ್ಟೆ.

"ಅಬ್ಬ, ನೆತ್ತಿ ಮೇಲೇ ಹೋಯ್ತಲ್ಲೋ. ಆ ಕಡೆಯಿಂದ ಈ ಕಡೆ ತನಕ. ನೋಡಿದ್ಯಾ?"

"ನೋಡ್ದೆ ಏನು," ಎಂದ ತಮ್ಮ. "ಎಷ್ಟು ಚೆನ್ನಾಗಿತ್ತು. ಹಳದಿ ಅಲ್ವಾ?"

ಅಂಗಡಿಯಲ್ಲಾದರೆ ಈ ಗಳಿಗೆಗೆ ನನಗೆ ಒಳಗೊಳಗೇ ಖುಷಿಯಾಗುತ್ತದೆ. ಈಗ ಆಗಲಿಲ್ಲ.

"ಏನೂ ಬೀಳಲಿಲ್ಲ ಕಣೋ," ಎಂದೆ.

ಅವನ ಟೋಪಿ ನನ್ನ ತಲೆಯಿಂದ ಸರಿಯಿತು. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲು ತಳ್ಳಿಕೊಂಡು ಹೋದ ಸದ್ದು ಕೇಳಿತು.

"ಬೋರ್ಡಿನ ಕೆಳಗೆ ಕಡ್ಡಿ ಇಟ್ಟೆಯಾ?" ಎಂದ. ಆ ಮದ್ದಿನ ಬಗ್ಗೆ ನಾನೇ ಅವನ ಮುಂದೆ ಎಷ್ಟೋ ಸಲ ಜಂಬ ಕೊಚ್ಚಿಕೊಂಡಿದ್ದೆ.

"ಹೂಂ."

"ನಿನ್ನ ಕೈಗೆ ಸಿಕ್ಕೇ ಸಿಕ್ತೀನಿ ಅಂತ ಗೊತ್ತಿತ್ತು. ಇಷ್ಟು ದಿನ ಆಗತ್ತೆ ಅಂದ್ಕೊಂಡಿರಲಿಲ್ಲ."

ಆ ಸಮಾಧಾನದ ಧ್ವನಿಗೆ ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ಕೂತೆ. "ನಾಳೆ ನೀನು ಬಸ್ ಹತ್ತಬಾರದು. ಹಿಂದೆ ಮಕ್ಕಳು ಮರಿ ಮಲಗಿರ್ತಾರೆ. ನೀನೇ ಹೋಗಿ ಹೇಳು. ಹೇಳದೆ ಇದ್ರೆ ಬೆಳಿಗ್ಗೆ ನಾನೇ ಡಿಪೋಗೆ ಹೋಗ್ತೀನಿ. ಆಮೇಲೆ ಬೇಕಾದ್ರೆ ನನ್ನ ಮುಖ ನೋಡಬೇಡ, ಈ ಮನೆಗೆ ಬರಬೇಡ. ನಾನು ಹೇಳೋದು ಹೇಳೋದೇ."

"ಯಾರಿಗೆ ಹೇಳ್ತೀಯ ಅಕ್ಕ," ಎಂದ ತಮ್ಮ. "ನಾನು ಬಸ್ಸು ಬಿಟ್ಟು ಎರಡು ವರ್ಷ ದಾಟಿತು."

ಅವನು ಮಲಗಿದಲ್ಲಿಂದಲೇ ಹೇಳಿದ. ಒಂದು ರಾತ್ರಿ ಎದುರಿನ ಲಾರಿ ದಾಟಿಹೋದ ಮೇಲೆ ಅದರ ದೀಪದ ಬೆಳಕು ಕಣ್ಣಿನಿಂದ ಹೋಯಿತಂತೆ, ರಸ್ತೆ ಮಾತ್ರ ವಾಪಸು ಬರಲಿಲ್ಲವಂತೆ. ಅಂದಾಜಿನ ಮೇಲೆ ಬಸ್ಸನ್ನು ಪಕ್ಕಕ್ಕೆ ತಂದು ನಿಲ್ಲಿಸಿ, ಕಂಡಕ್ಟರನ್ನು ಎಬ್ಬಿಸಿ, ಬೆಳಕು ಹರಿಯುವ ತನಕ ಅಲುಗಲಿಲ್ಲ. ಜನ ಎದ್ದು ಬಾಯಿಗೆ ಬಂದ ಹಾಗೆ ಬೈದರು. ಒಬ್ಬರಿಗೆ ಮದುವೆ ತಪ್ಪಿತು, ಒಬ್ಬರಿಗೆ ಪರೀಕ್ಷೆ. ಬೈಸಿಕೊಂಡು ಕೂತಿದ್ದ. ಮಾರನೆಯ ದಿನ ತಾನಾಗಿಯೇ ಹೋಗಿ ಬಸ್ಸಿನ ಕೀಲಿ ಕೊಟ್ಟ. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಣಗುತ್ತಾ ಬರುತ್ತಿದೆ, ಇದಕ್ಕೆ ಮದ್ದಿಲ್ಲ ಎಂದರು ಡಾಕ್ಟರು. ಈಗ ಡಿಪೋದ ಸ್ಟೋರಿನಲ್ಲಿ ಹಗಲು ಕೆಲಸ, ಬಿಡಿಭಾಗ ಎತ್ತಿ ಕೊಡುವುದು.

"ಹಗಲು ಎದುರಿಗಿರೋದು ಕಾಣತ್ತೆ, ಕೊಳವೆಯೊಳಗಿಂದ ನೋಡಿದ ಹಾಗೆ. ನಿನ್ನ ಬೋರ್ಡು ಈಗ್ಲೂ ಓದ್ತೀನಿ ಬೇಕಾದ್ರೆ. ಸಂಜೆ ಆಯ್ತು ಅಂದ್ರೆ ಅಂಗಡಿ ಬಾಗಿಲು ಎಳೆದ ಹಾಗೆ."

"ಮತ್ತೆ ಇಲ್ಲಿಗೆ ಬರ್ತಿದ್ದೆಯಲ್ಲೋ."

"ಬರ್ತಿದ್ದೆ."

"ಏನೂ ಕಾಣದೆ?"

"ಹೂಂ."

"ನಂಗ್ಯಾಕೆ ಹೇಳಲಿಲ್ಲ?"

"ಹೇಳೋಣ ಅಂತಾನೇ ಬಂದೆ ಆ ವರ್ಷ. ಮಲಗಿದ ಕೂಡ್ಲೇ ನೀನು ಅಂದೆ, ಈ ಒಂದು ರಾತ್ರಿ ನಂಗೆ ಮನೆ ತುಂಬಿದ ಹಾಗಿರತ್ತೆ ಕಣೋ ಅಂತ. ನೀನು ಹಾಗೆಲ್ಲ ಮಾತಾಡೋಳಲ್ಲ. ಆಮೇಲೆ ನಾನು ಹೇಗೆ ಹೇಳ್ಲಿ? ಅಷ್ಟರಲ್ಲಿ ನೀನು ಬಿತ್ತು ಅಂದೆ. ನಾನೂ ಒಂದು ಬಿತ್ತು ಅಂದೆ."

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟೇ. ಅಯ್ಯೋ ಪಾಪ ಅನ್ನಿಸಿಕೊಂಡು ಬದುಕಿದವಳಲ್ಲ ನಾನು. ಗಂಡನ ಮನೆಯಿಂದ ಬಂದಾಗಲೂ ಯಾರಿಗೂ ಅದಕ್ಕೆ ಅವಕಾಶ ಕೊಟ್ಟಿರಲಿಲ್ಲ. ನನ್ನ ಸ್ವಂತ ತಮ್ಮ ನನಗೆ ತಿಳಿಯದ ಹಾಗೆ ವರ್ಷವರ್ಷವೂ ಬಂದು ಅದನ್ನೇ ಮಾಡಿಹೋಗಿದ್ದ. ಹಸಿರು ಬಣ್ಣದ್ದು, ಉದ್ದ ಬಾಲದ್ದು, ಟ್ಯಾಂಕಿನ ಮೇಲೆ ಬಿದ್ದ ದಪ್ಪದ್ದು. ನಾನು ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಲೆನ್ಸು ಒರೆಸುತ್ತಾ ನೆನೆಸಿಕೊಳ್ಳುತ್ತಿದ್ದ ಆ ಉಲ್ಕೆಗಳು ಎಲ್ಲಿಯೂ ಬಿದ್ದಿರಲಿಲ್ಲ. ನಿಜವಾಗಿ ಬಿದ್ದವನ್ನು ಯಾರೂ ನೋಡಿರಲಿಲ್ಲ. ಅವನ ಪಾಲಿನ ಆಕಾಶ ಖಾಲಿ ಬಿದ್ದಿತ್ತು. ಮನೆ ತುಂಬಿದ ಹಾಗಿದೆ ಎಂದುಕೊಂಡ ಆ ರಾತ್ರಿಗಳಲ್ಲೂ ನಾನು ಒಬ್ಬಳೇ ಇದ್ದೆ, ಅವನೂ ನನ್ನ ತಲೆಗೆ ತಲೆ ಹಚ್ಚಿಕೊಂಡು ಒಬ್ಬನೇ ಇದ್ದ.

"ಸಿಟ್ಟಾ ಅಕ್ಕ?"

"ಸುಮ್ನಿರು."

ಆಮೇಲೆ, ಚಿಕ್ಕಂದಿನಲ್ಲಿ ಏನಾದರೂ ಬೇಕಾದಾಗ ಕೇಳುತ್ತಿದ್ದ ಹಾಗೆ ಮೆಲ್ಲಗೆ ಕೇಳಿದ: "ನೀನು ನೋಡು. ಎರಡೂ ಕಡೆದು ನೀನೇ ನೋಡಿ ಹೇಳು. ನಾನು ಕೇಳ್ತೀನಿ. ಇನ್ನು ಮೇಲೆ ಸುಳ್ಳು ಹೇಳಲ್ಲ."

ಒಪ್ಪಿಕೊಂಡೆ. ಒಪ್ಪದೆ ಇನ್ನೇನು ಮಾಡಲಿ? ಅವನ ಪಕ್ಕಕ್ಕೆ ಸರಿದು, ಒಂದೇ ಕಡೆ ಕಾಲು ಚಾಚಿ ಮಲಗಿದೆ. ರಾತ್ರಿ ಏರಿತ್ತು, ಉಲ್ಕೆಗಳು ಬಿಡುವಿಲ್ಲದೆ ಬೀಳತೊಡಗಿದ್ದವು. ಇಷ್ಟು ವರ್ಷದಲ್ಲಿ ಇಂಥ ರಾತ್ರಿ ಸಿಕ್ಕಿರಲಿಲ್ಲ. "ಬಿತ್ತು, ಮೂಡಣಕ್ಕೆ, ಬಿಳಿ," ಎಂದೆ. "ಹೂಂ," ಎಂದ. "ಬಿತ್ತು, ಟ್ಯಾಂಕಿನ ಎಡಕ್ಕೆ, ಚಿಕ್ಕದು." "ಹೂಂ." "ಇನ್ನೊಂದು, ಅಲ್ಲೇ." "ಹೂಂ." ನನ್ನ ಧ್ವನಿ ನನಗೇ ಕೇಳುತ್ತಿತ್ತು. ಅದು ಅಂಗಡಿಯಲ್ಲಿ ಗಿರಾಕಿಗೆ ನಂಬರು ಓದಿ ಹೇಳುವ ಧ್ವನಿ. ನನಗೆ ಕಂಡದ್ದು ಅವನಿಗೆ ಸೇರುತ್ತಿರಲಿಲ್ಲ. ಬಾಯಿಂದ ಹೊರಟು ಚಳಿಯಲ್ಲಿ ಎಲ್ಲೋ ಹೋಗುತ್ತಿತ್ತು. ಚಿಕ್ಕಂದಿನಲ್ಲಿ ಸೇರುತ್ತಿತ್ತು, ಯಾಕೆಂದರೆ ಅವನೂ ತಿರುಗಿ ಕೊಡುತ್ತಿದ್ದ.

ಮಗ್ಗುಲಾಗಿ ಅವನ ಮುಖ ನೋಡಿದೆ. ನಕ್ಷತ್ರದ ಬೆಳಕಿನಲ್ಲಿ ಅಷ್ಟು ಕಾಣುತ್ತಿತ್ತು. ಕಣ್ಣನ್ನು ಆದಷ್ಟು ಅಗಲಿಸಿ, ರೆಪ್ಪೆ ಹೊಡೆಯದೆ ಮೇಲೆ ನೋಡುತ್ತಿದ್ದ. ಕೊನೆಯ ಸಾಲು ಕಾಣದ ಮಕ್ಕಳು ನನ್ನ ಮುಂದೆ ಕೂತು ಹಾಗೆಯೇ ನೋಡುತ್ತಾರೆ, ಇನ್ನೂ ಸ್ವಲ್ಪ ಕಷ್ಟಪಟ್ಟರೆ ಕಂಡೀತು ಎಂಬಂತೆ. ಚಳಿಗೆ ಅವನ ದವಡೆ ನಡುಗುತ್ತಿತ್ತು, ಅದು ನನಗೆ ತಿಳಿಯದಿರಲಿ ಎಂದು ಹಲ್ಲು ಕಚ್ಚಿಕೊಂಡಿದ್ದ. ನಾನು ಹೇಳುತ್ತಾ ಹೋದರೆ ಬೆಳಗಾಗುವ ತನಕವೂ ಅವನು ಹೀಗೇ ಮಲಗಿರುತ್ತಾನೆ ಎಂದು ನನಗೆ ಗೊತ್ತಾಯಿತು. ಮುಂದಿನ ವರ್ಷವೂ ಬರುತ್ತಾನೆ, ಆಮೇಲಿನ ವರ್ಷವೂ. ನಾನು ಸಾಕು ಅನ್ನುವ ತನಕ ಬರುತ್ತಾನೆ.

"ಥೂ," ಎಂದೆ. "ಮೋಡ ಬಂತು ಕಣೋ."

"ಎಲ್ಲಿಂದ?"

"ಮೂಡಣದಿಂದ. ನಿನ್ನ ಕಡೆಗೂ ಬರ್ತಿದೆ."

"ಪೂರ್ತಿ ಮುಚ್ಚತ್ತಾ?"

"ಮುಚ್ಚೇ ಹೋಯ್ತು. ಒಂದು ನಕ್ಷತ್ರಾನೂ ಇಲ್ಲ. ಏಳು, ಇಳಿಯೋಣ."

ಮೊದಲಾದರೆ ಇವನು ಬಿಡುವವನಲ್ಲ. ನಾನು ಮೋಡ ಎಂದರೆ ಅವನು ಕಾರ್ಖಾನೆಯ ಹೊಗೆ ಅನ್ನುತ್ತಿದ್ದ, ಅದು ಸರಿಯುವ ತನಕ ಕಾಯೋಣ ಎಂದು ಹಟ ಹಿಡಿಯುತ್ತಿದ್ದ, ಮೋಡವೇ ಆಗಿದ್ದರೂ ನನ್ನದೇ ತಪ್ಪು ಅನ್ನುತ್ತಿದ್ದ. ಈಗ ಒಂದು ಸಲ ಆಕಾಶದ ಕಡೆ ಮುಖ ಎತ್ತಿದ. ಅವನ ಮುಖದ ಮೇಲೆಯೇ ಎರಡು ಉಲ್ಕೆಗಳು ಒಂದರ ಹಿಂದೊಂದು ಹಾದುಹೋದವು.

"ಸರಿ ಹಾಗಾದ್ರೆ," ಎಂದ. "ಇನ್ನೇನ್ ಮಾಡೋಕಾಗತ್ತೆ."

ನಂಬಿದ. ಆಕಾಶದ ಬಗ್ಗೆ ನಾನು ಏನು ಹೇಳಿದರೂ ಇನ್ನು ಅವನು ನಂಬಬೇಕಾದವನೇ. ಜಗಳವಾಡಲು ನನಗಿದ್ದ ಒಬ್ಬನೇ ಒಬ್ಬ ಮನುಷ್ಯ ಅವನಾಗಿದ್ದ.

ಕಂಬಳಿ ಸುತ್ತಿ ಹೆಗಲಿಗೆ ಹಾಕಿಕೊಂಡೆ, ಫ್ಲಾಸ್ಕು ಕಂಕುಳಲ್ಲಿ. ಅವನ ಕೈ ಹಿಡಿದು ನನ್ನ ಇನ್ನೊಂದು ಹೆಗಲ ಮೇಲಿಟ್ಟೆ. ಮೊದಲ ಸಲ ಮಂಡಿ ನೋವಿನ ಮಾತಿಲ್ಲದೆ ಅವನು ಭಾರ ಬಿಟ್ಟು ಹಿಡಿದುಕೊಂಡ. ಕತ್ತಲಲ್ಲಿ ನಾನು ಮುಂದೆ, ಅವನು ಹಿಂದೆ, ಒಂದೊಂದೇ ಮೆಟ್ಟಿಲು. ತಿರುವಿನಲ್ಲಿ ಗಾಳಿಗೆಂದು ಗೋಡೆಯಲ್ಲಿ ಒಂದು ಕಿಂಡಿ ಬಿಟ್ಟಿದ್ದಾರೆ. ಅದನ್ನು ದಾಟುವಾಗ ಹೊರಗೆ ಬಯಲೆಲ್ಲ ಒಮ್ಮೆ ಬೆಳಗಿತು. ಕಿಂಡಿಯ ತುಂಬ ನೀಲಿ ಬೆಳಕು ಬಂದು, ನನ್ನ ಹೆಗಲ ಮೇಲಿನ ಅವನ ಬೆರಳುಗಳು ಒಂದೊಂದಾಗಿ ಕಂಡವು. ನನ್ನ ಜೀವಮಾನದಲ್ಲಿ ಅಂಥ ಉಲ್ಕೆಯ ಬೆಳಕನ್ನು ನೋಡಿರಲಿಲ್ಲ.

ನನ್ನ ಉಸಿರು ನಿಂತದ್ದು ಅವನಿಗೆ ಗೊತ್ತಾಯಿತು. "ಏನಾಯ್ತು ಅಕ್ಕ?" ಎಂದ.

"ಏನಿಲ್ಲ," ಎಂದೆ. "ಜೋಪಾನ. ಇನ್ನೊಂದು ಮೆಟ್ಟಿಲಿದೆ."